ಪ್ಲಾಸ್ಟರಿನ ಮೇಲೆ ಬರೆದವಳು

ಮೂವತ್ತು ವರ್ಷ ಏಣಿ ಹತ್ತಿ ಇಳಿದವಳು ಬಿದ್ದದ್ದು ಮಾತ್ರ ಅಡುಗೆಮನೆಯ ಸ್ಟೂಲಿನಿಂದ! ಅದಕ್ಕೇ ಬೋರ್ಡಕ್ಕನಿಗೆ ನೋವಿಗಿಂತ ನಾಚಿಕೆಯೇ ಹೆಚ್ಚು. ಅಂಗಡಿ ಬೋರ್ಡು, ಗೋಡೆಬರಹ ಬರೆದೇ ಸಂಸಾರ ತೂಗಿಸಿದವಳು ಅವಳು. ಮುರಿದದ್ದೂ ಬರೆಯುವ ಬಲಗೈಯೇ. ಬೆರಳ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರ್, ಆರು ವಾರ.

ಅಂಗಡಿಯವರೆಲ್ಲ ಎಂದೋ ಫ್ಲೆಕ್ಸಿಗೆ ಹೋಗಿದ್ದರು. ಅವಳಿಗೆ ಖಾತ್ರಿಯಾಗಿ ಉಳಿದದ್ದು ಒಂದೇ ಕೆಲಸ: ಪ್ರತಿ ವರ್ಷ ಶಾಲೆ ಶುರುವಾಗುವ ಮುಂಚೆ ಅದರ ಗೋಡೆಯ ಮೇಲೆ ಶಾಲೆಯ ಹೆಸರು ಹೊಸದಾಗಿ ಬರೆಯುವುದು. ಅದಕ್ಕಿನ್ನು ಮೂರೇ ವಾರವಿತ್ತು. ಹೆಡ್‌ಮೇಷ್ಟ್ರು ಫೋನ್ ಮಾಡಿ, "ಪಾಪ, ರೆಸ್ಟ್ ತಗೊಳ್ಳಮ್ಮ. ಈ ಸಲ ಫ್ಲೆಕ್ಸ್ ಹಾಕಿಸ್ತೀವಿ" ಎಂದರು. ಒಮ್ಮೆ ಫ್ಲೆಕ್ಸ್ ಬಂತೆಂದರೆ ಮುಂದಿನ ವರ್ಷ ತನ್ನನ್ನು ಯಾರು ಕರೆಯುತ್ತಾರೆ? ಅವಳು ಅವರಿಗೆ ಫೋನ್ ಇಡಗೊಡಲಿಲ್ಲ.

"ಎರಡು ವಾರ ಟೈಮ್ ಕೊಡಿ ಸಾರ್. ಎಡಗೈ ಇದೆಯಲ್ಲ!"

ಆ ಎಡಗೈ ಅಲ್ಲಿಯವರೆಗೆ ಬಣ್ಣದ ಡಬ್ಬ ಹಿಡಿದದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ಕಾಗದದ ಮೇಲೆ ಬರೆದಳು. ಶುದ್ಧ ಕಾಗೆಕಾಲು ಗುಬ್ಬಿಕಾಲು. ಹರಿದು ಬಿಸಾಡಿದಳು. ಬಿಸಾಡಿದೊಡನೆ ತಪ್ಪೂ ಮರೆತುಹೋಯಿತು. ಹೀಗಾದರೆ ಕಲಿತ ಹಾಗೇ ಎಂದುಕೊಂಡವಳೇ, ಬಲಗೈಯನ್ನು ಮೇಜಿನ ಮೇಲೆ ಚಾಚಿ ಪ್ಲಾಸ್ಟರಿನ ಮೇಲೇ ಶಾಲೆಯ ಹೆಸರು ಬರೆದಳು. ಈಗ ಎಲ್ಲಿ ಬಿಸಾಡುತ್ತಾಳೆ? ದಿನವಿಡೀ ಕಣ್ಣಿಗೆ ಚುಚ್ಚಿತು. ಹಾಲಿನವನು ಓದಿದ, ಬಸ್ಸಿನ ಕಂಡಕ್ಟರ್ ಓದಿದ.

"ಅತ್ತೆ, ಇದನ್ನ ಯಾವ ಮಗು ಬರೀತು?" ಎಂದು ಸೊಸೆ ಕಿಸಕ್ಕೆಂದಳು.

"ನಗು, ನಗು! ಇನ್ನೊಂದು ವಾರ ಬಿಟ್ಟು ನೋಡು."

ಎಂಥ ಹಟ ಅಂತೀರಿ! ದಿನಾ ಬೆಳಿಗ್ಗೆ ಬಿಳಿ ಬಳಿದು, ಒಣಗಿಸಿ, ಮತ್ತೆ ಬರೆಯುವುದು. ಒಂಬತ್ತನೆಯ ದಿನವೂ ಸಾಲು ಇಳಿಜಾರಾದಾಗ ಅತ್ತುಬಿಟ್ಟಳು. ಆಮೇಲೆ ಮೂಗೊರಸಿಕೊಂಡು ಬ್ರಶ್ ತೊಳೆದಳು. ತಪಾಸಣೆಯ ದಿನ ಡಾಕ್ಟರು ಹಣೆ ಚಚ್ಚಿಕೊಂಡರು. "ಇದೇನಮ್ಮ, ಕೈಯೋ ಗೋಡೆಯೋ?"

"ಸದ್ಯಕ್ಕೆ ಎರಡೂ, ಡಾಕ್ಟ್ರೇ."

ಹದಿನಾಲ್ಕನೆಯ ದಿನ ಶಾಲೆಗೆ ಹೋಗಿ ಆ ಕೈಯನ್ನು ಹೆಡ್‌ಮೇಷ್ಟ್ರ ಮೇಜಿನ ಮೇಲಿಟ್ಟಳು. ಅವರು ಕನ್ನಡಕ ಏರಿಸಿ ಓದಿದರು. "ಮೊದಲಿನ ಥರ ಇಲ್ಲಮ್ಮ."

"ಇಲ್ಲ ಸಾರ್, ನಿಜ. ಆದ್ರೆ ಒಂದಕ್ಷರ ಡೊಂಕಿದ್ರೆ ತೋರ್ಸಿ, ಈಗಲೇ ಎದ್ದು ಹೋಗ್ತೀನಿ."

ಮೇಷ್ಟ್ರು ಬಗ್ಗಿ ಹುಡುಕಿದರು. ಕೊನೆಗೆ, "ನಾಳೆ ಗೋಡೆ ತೊಳೆಸಿಡ್ತೀನಿ" ಎಂದರು.

ಏಣಿಯ ಸಹವಾಸ ಬೇಡವೆಂದು ಎರಡು ಬೆಂಚು ಜೋಡಿಸಿಕೊಂಡಳು. ಒಂದು ದಿನದ ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು. ಬರೆದು ಮುಗಿಸಿ ಡಬ್ಬದ ಮುಚ್ಚಳ ಹಾಕುತ್ತಿರುವಾಗ, ಮಗಳನ್ನು ಶಾಲೆಗೆ ಸೇರಿಸಲು ಬಂದ ಪರಿಚಯದವಳೊಬ್ಬಳು ನಿಂತಳು.

"ಅಯ್ಯೋ ಬೋರ್ಡಕ್ಕ, ಕೈ ಮುರ್ಕೊಂಡ್ರಾ? ಹಾಗಾದ್ರೆ ಈ ಸಲ ಬರೆದಿದ್ದು ಯಾರು? ಯಾರೋ ಹೊಸಬರ ಬರಹ ಇದ್ದ ಹಾಗಿದೆ."

ಬೋರ್ಡಕ್ಕ ಗೋಡೆಯನ್ನೊಮ್ಮೆ ಕಣ್ತುಂಬ ನೋಡಿದಳು.

"ಹೂಂ ಕಣಮ್ಮ, ಹೊಸಬಳೇ" ಎಂದಳು. "ಮುಂದಿನ ವರ್ಷಾನೂ ಅವಳೇ ಬರೋದು."