ಗೆಣಸಿನ ಸಾಲುಗಳ ನಡುವೆ ದೊಡ್ಡಮ್ಮ

ದೊಡ್ಡಮ್ಮನ ಅಂಗೈಯಲ್ಲಿ ಮರಗೆಣಸಿನ ಹಾಲು ಒಣಗಿ ಕಪ್ಪು ಕಲೆಗಳಾಗಿ ಕೂತಿರುತ್ತಿತ್ತು. ಮದುವೆಮನೆಗೂ ಅದೇ ಕೈಯಲ್ಲಿ ಬರುತ್ತಿದ್ದರು.

ಅಪ್ಪನ ಅತ್ತಿಗೆ ಅವರು. ಮನೆ ಶಿವಮೊಗ್ಗದ ಹೊಸಮನೆಯಲ್ಲಿ. ಹೊಲ ಶಂಕರಘಟ್ಟದ ಆಚೆ. ಬೆಳಗಿನ ಬಸ್ಸಿನಲ್ಲಿ ಓದುವ ಮಕ್ಕಳ ನಡುವೆ ಬುತ್ತಿ ಹಿಡಿದು ನಿಂತೇ ಹೋಗುತ್ತಿದ್ದರು. ಬೋರ್‌ವೆಲ್ ಕೊರೆಸಲಿಲ್ಲ. ಮಳೆ ನಂಬಿ, ಮರಗೆಣಸಿನ ಕಡ್ಡಿಗಳನ್ನು ಅಗಲಕ್ಕೆ ನೆಟ್ಟು, ನಡುವೆ ಅಲಸಂದೆ, ಶೇಂಗಾ ಬಿತ್ತುತ್ತಿದ್ದರು. ಭದ್ರಾವತಿಯ ನ್ಯೂ ಟೌನಿನಿಂದ ಭಾನುವಾರ ನಾನೂ ಹೋಗಿ ಸೇರಿಕೊಳ್ಳುತ್ತಿದ್ದೆ. ಹೀಗೇಕೆ ಎಂದು ಕೇಳಿದ್ದಕ್ಕೆ ಹೇಳಿದ್ದರು: "ಗೆಣಸು ನಿಧಾನ ಕಣೇ. ಅದು ಮೇಲೇಳೋ ಹೊತ್ತಿಗೆ ಅಲಸಂದೆ ಕೈಗೆ ಬಂದಿರುತ್ತೆ. ಅಲ್ಲೀತನಕ ಮಣ್ಣು ಬರೀ ಮೈಯಲ್ಲಿ ಬಿದ್ದಿರಬಾರದು, ಮಾರಾಯ್ತಿ."

ಆ ಕಡೆ ಕಾಡುಹಂದಿ ಕಾಟ. ದೊಡ್ಡಮ್ಮ ಮುಳ್ಳುಬೇಲಿ ಹಾಕಿದರು. ಆದರೂ ಒಂದಿಷ್ಟು ಗೆಣಸು ಹೋಗುತ್ತಿತ್ತು. ಪಕ್ಕದ ಹೊಲದ ಯುವಕ ತನ್ನ ಮೆಕ್ಕೆಜೋಳದ ಸುತ್ತ ತಂತಿ ಎಳೆದು ರಾತ್ರಿ ಕರೆಂಟು ಬಿಡತೊಡಗಿದ. ಬೇಡಪ್ಪಾ ಎಂದು ದೊಡ್ಡಮ್ಮ ಅವನ ಮನೆತನಕ ಹೋಗಿ ಹೇಳಿ ಬಂದರು. ನಿಮ್ಮ ಗೆಣಸೂ ಉಳಿಯುತ್ತಲ್ಲ ಎಂದು ಅವನು ನಕ್ಕನಂತೆ.

ಒಂದು ಭಾನುವಾರ ನಾವು ಹೋದಾಗ ಅವನು ಬದುವಿನ ಮೇಲೆ ತಂತಿಗೆ ಅಂಟಿಕೊಂಡು ಅದುರುತ್ತಿದ್ದ. ಬೆಳಿಗ್ಗೆ ಕರೆಂಟು ತೆಗೆಯುವುದನ್ನು ಮರೆತಿದ್ದ. 

"ಮುಟ್ಬೇಡ, ಅಲ್ಲೇ ನಿಲ್ಲು," ಎಂದವರೇ ದೊಡ್ಡಮ್ಮ ಬೇಲಿಯ ಒಣ ಬಿದಿರಿನ ಗಳ ಕಿತ್ತು ತಂತಿಗೆ ಬೀಸಿದರು. ತಂತಿ ತುಂಡಾಯಿತು. ಅವನು ಆಚೆ ಉರುಳಿದ. ಹಾರಿಬಂದ ತುದಿ ಇಬ್ಬನಿಯಲ್ಲಿ ಒದ್ದೆಯಾಗಿದ್ದ ಇವರ ಸೀರೆಗೆ ಸುತ್ತಿಕೊಂಡಿತು. ಒಂದು ಕೂಗೂ ಇಲ್ಲ. ಅಲಸಂದೆ ಬಳ್ಳಿಯ ಮೇಲೆ ಬಿದ್ದುಬಿಟ್ಟರು. ಬಸ್ಸಿನಲ್ಲಿ ನನ್ನ ಜೊತೆ ಮಾತಾಡುತ್ತಾ ಬಂದವರು. ಅಕ್ಕಪಕ್ಕದ ಹೊಲಗಳಿಂದ ಜನ ಓಡಿ ಬಂದು ಕರೆಂಟು ತೆಗೆಸುವವರೆಗೆ ನಾನು ನಿಂತಲ್ಲೇ ನಿಂತಿದ್ದೆನಂತೆ, ನನಗೆ ನೆನಪಿಲ್ಲ.

ಅವನು ಬದುಕಿದ.

ಮುಂದಿನ ಮುಂಗಾರಿಗೆ ಹೊಲಕ್ಕೆ ಹೋದೆ. ಅವನ ತಂತಿ, ಕಂಬ ಯಾವುದೂ ಇರಲಿಲ್ಲ. ನಾನು ನೆರಳಲ್ಲಿ ಕಾಪಿಟ್ಟಿದ್ದ ಗೆಣಸಿನ ಕಡ್ಡಿಗಳನ್ನು ಇಳಿಸುವಾಗ ಅವನು ಬಂದು ದೂರ ನಿಂತ. ಅಲ್ಲಿಂದಲೇ ಕೇಳಿದ.

"ಅಕ್ಕಾ, ನಿಮ್ಮ ದೊಡ್ಡಮ್ಮ ಎಷ್ಟು ಅಗಲಕ್ಕೆ ನೆಡ್ತಿದ್ರು?"

ಮೈಯೆಲ್ಲ ಉರಿಯಿತು.  ಒಂದು ಸಾಲು ನೆಟ್ಟು ಮುಗಿಸಿದೆ. ಆಮೇಲೆ ಅವನನ್ನು ಕರೆದು, ಎರಡನೇ ಸಾಲು ಎಲ್ಲಿಂದ ಶುರುವಾಗಬೇಕೆಂದು ತೋರಿಸಿದೆ.