ಥಂಡಿ ಹಿಡಿದ ಹಪ್ಪಳ

ಯಾದವಗಿರಿಯ ಬಂಗಲೆಯೊಂದರ ಗೃಹಪ್ರವೇಶದ ಊಟದಲ್ಲಿ ಪುಟ್ಟತಾಯಮ್ಮನ ಹಪ್ಪಳ ಮುರಿಯಲಿಲ್ಲ. ಮಡಚಿಕೊಂಡಿತು.

ಪಂಕ್ತಿಯ ಮೊದಲ ಎಲೆಗೆ ಕೂತಿದ್ದ ಹಿರಿಯರೊಬ್ಬರು ಅದನ್ನು ಎಡಕ್ಕೆ ಬಗ್ಗಿಸಿದರು, ಬಲಕ್ಕೆ ಬಗ್ಗಿಸಿದರು, ಕೊನೆಗೆ ಕರ್ಚೀಫಿನ ಹಾಗೆ ಮಡಿಕೆ ಮಾಡಿ ಎಲೆಯ ತುದಿಯಲ್ಲಿಟ್ಟರು. ಸಾಲುಗಟ್ಟಿ ಕೂತ ಜನ ಹಪ್ಪಳಕ್ಕೆ ಕೈಹಾಕಿದಾಗ ಏಳಬೇಕಾದ ಆ ಕರಕರ ಸದ್ದು ಏಳಲೇ ಇಲ್ಲ. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಬೆತ್ತ ಹಿಡಿದು ಓಡಾಡಿದರೂ ಊಟದ ಹಾಲಿನಲ್ಲಿ ತರಲಾಗದಿದ್ದ ನಿಶ್ಶಬ್ದವನ್ನು ಆ ಹಪ್ಪಳ ಸುಲಭವಾಗಿ ತಂದುಬಿಟ್ಟಿತ್ತು. ಅಂಥ ಹೊತ್ತಿನಲ್ಲಿ, ತಮ್ಮ ಹಪ್ಪಳವನ್ನು ತಾವೇ ಬಡಿಸುವ ಅಭಿಮಾನದಿಂದ ಪುಟ್ಟತಾಯಮ್ಮ ಎರಡನೇ ಸುತ್ತಿಗೆ ಬುಟ್ಟಿ ಹಿಡಿದು ಬಂದರು.

"ಇನ್ನೊಂದು ಹಾಕ್ಲಾ ಸ್ವಾಮಿ?"

"ಬೇಡ ತಾಯಿ," ಅಂದರು ಹಿರಿಯರು. "ಇದನ್ನೇ ಒಗೆದು ಇಟ್ಕೋತೀನಿ."

ಪಕ್ಕದ ಎಲೆಯಲ್ಲಿ ನಾನಿದ್ದೆ. ಕುಂಬಾರಕೊಪ್ಪಲಿನಲ್ಲಿ ಪುಟ್ಟತಾಯಮ್ಮನ ಪಕ್ಕದ ಮನೆಯೂ ನನ್ನದೇ. ಎರಡೂ ಕಡೆ ಪಕ್ಕದಲ್ಲಿದ್ದವಳಾಗಿ ಏನಾದರೂ ಹೇಳಬೇಕಿತ್ತು. ಬಾಯಲ್ಲಿ ಹಪ್ಪಳವಿತ್ತು. ಅದು ಅಷ್ಟು ಬೇಗ ಜಾಗ ಬಿಡುವ ಹಾಗಿರಲಿಲ್ಲ.

ಅಡುಗೆ ಕಂಟ್ರಾಕ್ಟರ್ ಮೋಹನ್ ಪುಟ್ಟತಾಯಮ್ಮನನ್ನು ಒಲೆಯ ಹಿಂದೆ ಕರೆದು, ದನಿ ಎತ್ತರಿಸದೆ ಹೇಳಿದ. "ಅಮ್ಮಾ, ನಿಮ್ ಕೈ ರುಚಿಗೆ ನಾನು ಏನೂ ಅನ್ನಲ್ಲ. ಆದ್ರೆ ಇನ್ನೊಂದ್ಸಲ ಹಿಂಗಾದ್ರೆ ಪ್ಯಾಕೆಟ್ ಹಪ್ಪಳಕ್ಕೆ ಹೋಗ್ಬುಡ್ತೀನಿ. ಬೇಜಾರು ಮಾಡ್ಕೋಬೇಡಿ."

ಪುಟ್ಟತಾಯಮ್ಮ ಬೇಜಾರು ಮಾಡಿಕೊಳ್ಳುವ ಪೈಕಿಯಲ್ಲ. ಆಟೋದಲ್ಲಿ ಬರುವಾಗ ಖಾಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅಂದರು: "ಹಪ್ಪಳದ್ದೇನು ತಪ್ಪಿಲ್ಲ ಕಣಮ್ಮ. ಮನೆಗೆ ಥಂಡಿ ಹಿಡಿದದೆ, ಮನೇಲಿರೋ ಹಪ್ಪಳಕ್ಕೆ ಹಿಡೀದೆ ಇದ್ದಾತಾ?"

ವರುಣಾ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವರು ಪುಟ್ಟತಾಯಮ್ಮ. ಯಜಮಾನರ ಹೆಸರು ಪುಟ್ಟಸ್ವಾಮಿ, ಕಾರ್ಖಾನೆಯೊಂದರ ಗೇಟಿನಲ್ಲಿ ಸೆಕ್ಯೂರಿಟಿ. ಇಬ್ಬರೂ ಪುಟ್ಟ, ಬಾಡಿಗೆ ಮನೆಯೂ ಪುಟ್ಟ. ಅಲ್ಲಿ ದೊಡ್ಡದಾಗಿ ಬೆಳೆದದ್ದು ಹಿಂದಿನ ಕೋಣೆಯ ಗೋಡೆಯ ಮೇಲಿನ ತೇವ ಒಂದೇ. ಅದು ಮೊದಲು ರಾಗಿಮುದ್ದೆಯಷ್ಟಿತ್ತು, ಆಮೇಲೆ ಮೊರದಷ್ಟಾಯಿತು, ನಾನು ಹೇಳುತ್ತಿರುವ ಕಾಲಕ್ಕೆ ಬಾಗಿಲಿನ ಚೌಕಟ್ಟನ್ನೂ ಬಳಸಿಕೊಂಡು ಒಂದು ತಾಲ್ಲೂಕಿನ ನಕ್ಷೆಯ ಹಾಗೆ ಹರಡಿತ್ತು. ಹಪ್ಪಳ ಲಟ್ಟಿಸುವುದು, ಡಬ್ಬಕ್ಕೆ ತುಂಬಿಡುವುದು ಆ ಕೋಣೆಯಲ್ಲೇ. ತಾರಸಿಯ ಬಿಸಿಲಲ್ಲಿ ಗರಿಗರಿಯಾಗಿ ಒಣಗಿದ್ದು ಡಬ್ಬದೊಳಗೆ ಕೂತು ಒಂದು ವಾರಕ್ಕೆ ಮೆತ್ತಗಾಗುತ್ತಿತ್ತು. ಬಾಡಿಗೆ ಮನೆಯ ಥಂಡಿ ನಮ್ಮ ಬಾಡಿಗೆ ಬಂದರೆ ಕಷಾಯ ಕುಡಿಯಬಹುದು, ಹಪ್ಪಳಕ್ಕೆ ಏನು ಕುಡಿಸುವುದು?

ಮನೆ ಬಿಟ್ಟು ಹೋಗಬಹುದಿತ್ತಲ್ಲ ಎಂದರೆ, ಅಂಥ ತಾರಸಿ ಬೇರೆಲ್ಲೂ ಸಿಗುವುದಿಲ್ಲ. ಸುತ್ತ ಒಂದು ಮರದ ನೆರಳಿಲ್ಲ, ಎತ್ತರದ ಕಟ್ಟಡವಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೂ ಬಿಸಿಲು. ಅದರ ಮೇಲೆ ಸೀರೆ ಹಾಸಿ ಸಂಡಿಗೆ ಇಡಲು ಮಾಲೀಕರ ಅಭ್ಯಂತರವೂ ಇರಲಿಲ್ಲ.

ಮಾಲೀಕರು ರುದ್ರಸ್ವಾಮಿ, ಮೇಲಿನ ಮಹಡಿಯಲ್ಲಿ ಸಂಸಾರ. ಹೆಸರಿನಲ್ಲಿ ರುದ್ರ ಇದ್ದರೂ ಸಿಟ್ಟಿನವರಲ್ಲ. ಆದರೆ ಮಾಲೀಕ ಅನ್ನುವ ಮಾತಿನೊಳಗೇ ಒಂದು ಲೀಕ್ ಇದೆ ಎಂಬುದನ್ನು ಮಾತ್ರ ಅವರು ಯಾವ ಕಾರಣಕ್ಕೂ ಒಪ್ಪುತ್ತಿರಲಿಲ್ಲ.

ಯಾದವಗಿರಿಯಿಂದ ಬಂದ ಸಂಜೆಯೇ ಪುಟ್ಟತಾಯಮ್ಮ ಮೆಟ್ಟಿಲ ಬುಡದಲ್ಲಿ ನಿಂತು ಕರೆದರು. "ರುದ್ರಸ್ವಾಮಿಯೋರೆ, ಗೋಡೆ ಒಸಿ ನೋಡ್ಬನ್ನಿ. ನಿಮ್ ಬಚ್ಚಲಿಂದ ಇಳೀತಾ ಅದೆ."

ರುದ್ರಸ್ವಾಮಿ ಇಳಿದು ಬಂದರು. ಗೋಡೆಗೆ ಅಂಗೈ ಒತ್ತಿ, ಆ ಅಂಗೈಯನ್ನು ಪಂಚೆಗೆ ಒರೆಸಿಕೊಂಡು, "ಎಲ್ಲಿ? ಒಣಗೇ ಅದಲ್ಲ," ಅಂದರು.

"ಪಂಚೆ ನೋಡ್ಕಳಿ."

ಪಂಚೆಯ ಮೇಲೆ ಹಸಿಯಾದ ಐದು ಬೆರಳು ಮೂಡಿದ್ದವು. ರುದ್ರಸ್ವಾಮಿ ಅದನ್ನು ಮಡಚಿ ಮೇಲೆ ಕಟ್ಟಿದರು. "ಪುಟ್ಟತಾಯಮ್ಮ, ನೀವು ದಿನಾ ಸಂಡಿಗೆಗೆ ಗಂಜಿ ಕಾಯಿಸ್ತೀರ. ಅಕ್ಕಿ ಹಿಟ್ಟು ಬೇಯಿಸ್ತೀರ. ಆ ಆವಿ ಎಲ್ಲಿಗೆ ಹೋಗ್ಬೇಕು? ಗೋಡೆಗೇ ಕೂತ್ಕತದೆ. ನಮ್ಮ ಬಚ್ಚಲಿಗೆ ಟೈಲ್ಸ್ ಹಾಕ್ಸಿದೀನಿ, ಅದ್ರಲ್ಲಿ ಒಂದು ಇರುವೆ ಇಳಿಯಕ್ಕೂ ಜಾಗ ಇಲ್ಲ."

"ಇರುವೆ ಇಳ್ದಿಲ್ಲ ಬುಡಿ. ನೀರು ಇಳೀತಾ ಅದೆ."

"ಸರಿ, ಮಾತು ಏನಾಗದೆ? ಸುಣ್ಣ ಬಣ್ಣ ಬಾಡಿಗೆಯೋರದು, ಗೋಡೆ ಮಾಲೀಕರದು. ಈಗ ಹೋಗಿರೋದು ಸುಣ್ಣ. ಗೋಡೆ ನಿಂತೇ ಅದೆ."

"ಅಂಗಾರೆ ಬೀಳೋಗಂಟ ಕಾಯ್ಬೇಕಾ?"

"ಬೀಳಲಿ ಅಂತ ಯಾಕಂತೀರ? ಮನೇಲಿ ಮದುವೆ ಇಟ್ಕೊಂಡು ಬಾಯಲ್ಲಿ ಒಳ್ಳೇದು ಬರ್ಲಿ."

ಮದುವೆ ರುದ್ರಸ್ವಾಮಿಯವರ ಮಗಳು ಗೌತಮಿಯದು. ಅದರ ಹಪ್ಪಳದ ಆರ್ಡರೂ ಪುಟ್ಟತಾಯಮ್ಮನಿಗೇ ಸಿಕ್ಕಿತ್ತು, ಅಡುಗೆ ಮಾತ್ರ ಅದೇ ಮೋಹನನದು. ಹಾಗಾಗಿ ಪುಟ್ಟತಾಯಮ್ಮನ ಪಾಡು ನೋಡಿ. ಈ ಮದುವೆಯ ಹಪ್ಪಳ ಮಡಚಿಕೊಂಡರೆ ಮೋಹನ್ ಪ್ಯಾಕೆಟ್ ಒಡೆಯುತ್ತಾನೆ, ಅವನನ್ನು ನೋಡಿ ಉಳಿದ ಅಡುಗೆಯವರೂ ಒಡೆಯುತ್ತಾರೆ. ಆ ಸಲದ ಮಟ್ಟಿಗೆ ಡಬ್ಬಗಳನ್ನು ನಮ್ಮ ಮನೆಯ ಬೀರುವಿನ ಮೇಲೆ ಇಡಿಸಿಕೊಂಡೆ. ನನ್ನ ರೇಷ್ಮೆ ಸೀರೆಗಳಿಗೆಲ್ಲ ಇಂಗಿನ ವಾಸನೆ ಹಿಡಿಯಿತು. ಆದರೆ ಒಂದು ಕಸುಬು ಎಷ್ಟು ದಿನ ಪಕ್ಕದ ಮನೆಯ ಬೀರುವಿನ ಮೇಲೆ ನಡೆದೀತು?

ಪುಟ್ಟತಾಯಮ್ಮ ಮಾತಿಗೆ ತಪ್ಪುವವರಲ್ಲ. ಸುಣ್ಣ ತಮ್ಮ ಪಾಲು ಎಂದು ಮಾತಾಗಿತ್ತಲ್ಲ, ಮನೆ ಮದುವೆಗೆ ನೆಂಟರು ಓಡಾಡುತ್ತಾರೆಂದು ಸುಣ್ಣ ಕದಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಆ ಗೋಡೆಗೆ ತಾವೇ ಬಳಿದರು. ಎರಡು ದಿನ ಗೋಡೆ ಹಾಲಿನಂತಿತ್ತು.

ಮೂರನೆಯ ದಿನ ಗೌತಮಿಯ ಅರಿಶಿನ ಶಾಸ್ತ್ರ. ಬೆಳಿಗ್ಗೆ ತಾನೇ "ಗೋಡೆ ನಿಮ್ಮದು, ಸುಣ್ಣ ನಮ್ಮದು" ಎಂದು ಮೆಟ್ಟಿಲ ಮೇಲೆ ವಾದಿಸಿದ ಪುಟ್ಟತಾಯಮ್ಮ ಮಧ್ಯಾಹ್ನ ಅದೇ ಮೆಟ್ಟಿಲು ಹತ್ತಿ ಹೋಗಿ ಹೆಣ್ಣಿಗೆ ಅರಿಶಿನ ಹಚ್ಚಿ ಸೋಬಾನೆ ಹೇಳಿದರು. ನಮ್ಮ ಕಡೆ ಜಗಳಕ್ಕೂ ಶಾಸ್ತ್ರಕ್ಕೂ ಬೇರೆ ಬೇರೆ ಮುಹೂರ್ತ. ಮುತ್ತೈದೆಯರು ಸೇರಿ ಗೌತಮಿಯನ್ನು ಮಹಡಿಯ ಬಚ್ಚಲಲ್ಲಿ ಕೂರಿಸಿ, ಹಂಡೆಯಲ್ಲಿ ಅರಿಶಿನ ಕದಡಿದ ನೀರನ್ನು ಬಿಂದಿಗೆ ಬಿಂದಿಗೆಯಾಗಿ ಹುಯ್ದರು. ಹುಡುಗಿ ಚಿನ್ನದ ಬೊಂಬೆಯ ಹಾಗೆ ಎದ್ದು ಬಂದಳು. ನೀರು ತನ್ನ ದಾರಿ ಹಿಡಿಯಿತು.

ಮಾರನೆಯ ಬೆಳಿಗ್ಗೆ ಎದುರು ಮನೆಯ ಸುಮಿತ್ರಮ್ಮ ಒಂದು ಲೋಟ ಸಕ್ಕರೆಗೆಂದು ಬಂದವರು ಹಿಂದಿನ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟರು. ಬಿಳಿಯ ಗೋಡೆಯ ಮೇಲೆ ಕುಂಕುಮ ಕೆಂಪು. ಮೇಲೆ ದುಂಡಗೆ ಒಂದು ಬೊಟ್ಟು, ಅದರಿಂದ ಕೆಳಗೆ ಇಳಿದ ಎರಡು ಗೆರೆ.

"ಅಯ್ಯೋ ಪುಟ್ಟತಾಯಮ್ಮ, ನಿನ್ ಮನೇಗೆ ಅಮ್ಮ ಬಂದವ್ಳೆ ಕಣೆ," ಅಂದ ಸುಮಿತ್ರಮ್ಮ ಸಕ್ಕರೆ ಮರೆತು ಬೀದಿಗೆ ಓಡಿದರು.

ಒಂದು ಗಳಿಗೆಯಲ್ಲಿ ಕೋಣೆ ತುಂಬಿತು. ಕರ್ಪೂರ ಬಂತು, ನಿಂಬೆಹಣ್ಣು ಬಂತು, ಮೈಸೂರು ಮಲ್ಲಿಗೆಯ ಒಂದು ಮಾರು ಬಂತು. ಹಪ್ಪಳದ ಮಣೆಯನ್ನು ಯಾರೋ ಎತ್ತಿ ಮೂಲೆಗಿಟ್ಟು ಅಲ್ಲಿ ಹಣತೆ ಹಚ್ಚಿದರು. ನಾನೂ ಹೋಗಿ ಕೈಮುಗಿದೆ. ಒಂದು ಕಣ್ಣು ಮುಚ್ಚಿದ್ದೆ, ಇನ್ನೊಂದರಲ್ಲಿ ನೋಡುತ್ತಿದ್ದೆ. ಮದುವೆಗೆ ಬಂದಿದ್ದ ನೆಂಟರೂ ಇಳಿದು ಬಂದರು. ಕಡೆಗೆ ರುದ್ರಸ್ವಾಮಿ ಸ್ನಾನ ಮುಗಿಸಿ, ಶಲ್ಯ ಹೊದ್ದು ಬಂದು ಗೋಡೆಯ ಮುಂದೆ ನಿಂತರು. ಅವರ ಮುಖದಲ್ಲಿ ಭಕ್ತಿ ಇತ್ತು, ಅದರ ಹಿಂದಿನಿಂದ ನಿಧಾನವಾಗಿ ಒಂದು ನೆಮ್ಮದಿಯೂ ಇಣುಕಿತು.

"ಇನ್ನು ಈ ಗೋಡೇನ ಯಾರೂ ಮುಟ್ಟಕೂಡದು," ಅಂದರು. "ತಾಯಿ ನೆಲೆಸಿರೋ ಜಾಗ. ಇದಕ್ಕೆ ಸಿಮೆಂಟು ಬಳ್ಯೋದು, ಒಡ್ಯೋದು, ಆ ಮಾತೇ ಬೇಡ. ಹಂಗೇ ಇರ್ಲಿ. ಒಂದು ಗಂಟೆ ಬೇಕಾದ್ರೆ ನಾನೇ ಕಟ್ಟಿಸ್ತೀನಿ."

ಎಲ್ಲರೂ ಹೌದೆಂದರು. ರಿಪೇರಿಯ ಮಾತಿಗೆ ಅಲ್ಲೇ ಮಂಗಳಾರತಿ ಆಗುವುದರಲ್ಲಿತ್ತು.

ಪುಟ್ಟತಾಯಮ್ಮ ಅಷ್ಟು ಹೊತ್ತೂ ಬಾಗಿಲಿಗೆ ಒರಗಿ, ಒಮ್ಮೆ ಗೋಡೆಯನ್ನೂ ಒಮ್ಮೆ ಮೂಲೆಯ ಮಣೆಯನ್ನೂ ನೋಡುತ್ತಿದ್ದರು. ಆಮೇಲೆ ಜನರ ನಡುವೆ ದಾರಿ ಮಾಡಿಕೊಂಡು ಗೋಡೆಯ ಹತ್ತಿರ ಬಂದರು.

"ರುದ್ರಸ್ವಾಮಿಯೋರೆ, ಒಂದ್ಮಾತು. ತಾಯಿ ಎಲ್ಲಾ ಕಡೆ ಅವ್ಳೆ, ಇಲ್ಲೂ ಇರ್ಬೋದು, ನಾನು ಇಲ್ಲ ಅನ್ನಕಿಲ್ಲ. ಆದ್ರೆ ಈ ಕೆಂಪು ಗೌತಮಿ ಮಿಂದ ನೀರು."

ಸುಮಿತ್ರಮ್ಮನ ಕೈಯಲ್ಲಿ ಕರ್ಪೂರ ಉರಿಯುತ್ತಲೇ ಇತ್ತು.

"ಏನಂತೀರ ನೀವು?" ಅಂದರು ರುದ್ರಸ್ವಾಮಿ.

"ಆರತಿ ತಟ್ಟೆಗೆ ಓಕುಳಿ ಎಂಗೆ ಮಾಡ್ತೀರಿ, ಹೇಳಿ. ಅರಿಶಿನದ ನೀರಿಗೆ ಒಂದ್ ಚಿಟಿಕೆ ಸುಣ್ಣ ಹಾಕ್ತೀರಿ, ಕೆಂಪಾಗಕಿಲ್ವಾ? ಅರಿಶಿನ ನಿನ್ನೆ ಮೇಲೆ ನಾವೇ ಹುಯ್ದಿದ್ದು. ಸುಣ್ಣ ಆಚೆಮೊನ್ನೆ ಇಲ್ಲಿ ನಾನೇ ಬಳ್ದಿದ್ದು. ಮಧ್ಯ ಇರೋದು ನಿಮ್ ಬಚ್ಚಲು."

ಅಲ್ಲಿದ್ದ ಹೆಂಗಸರಲ್ಲಿ ಓಕುಳಿ ಕಲಸಲು ಬಾರದವರು ಒಬ್ಬರೂ ಇರಲಿಲ್ಲ. ಹಬ್ಬ, ನಾಮಕರಣ, ಮದುವೆ, ಜೀವಮಾನವೆಲ್ಲ ಕಲಸಿದವರೇ. ತಟ್ಟೆಯಲ್ಲಿ ಕಂಡರೆ ಓಕುಳಿ, ಗೋಡೆಯಲ್ಲಿ ಕಂಡರೆ ಪವಾಡ. ಒಬ್ಬರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಇನ್ನೊಬ್ಬರ ಭುಜ ಅಲುಗತೊಡಗಿತು. ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಗೌತಮಿಯ ದನಿ ಬಂತು. ಕೈಗೆ ಮೆಹಂದಿ ಹಾಕಿಸಿಕೊಂಡು ಬೆರಳು ಅಗಲಿಸಿ ನಿಂತಿದ್ದಳು.

"ಅಪ್ಪಾ, ನಾನು ಸ್ನಾನ ಮಾಡಿದ ನೀರಿಗಾ ಎಲ್ಲರೂ ಮಂಗಳಾರತಿ ಎತ್ತುತಾ ಇರೋದು? ಸಂಜೆ ಗಂಡಿನ ಕಡೆಯೋರು ಬರ್ತಾರೆ. ಅವರ ಕೈಲೂ ಎತ್ತಿಸ್ತೀಯಾ?"

ಸುಮಿತ್ರಮ್ಮ ಫೂ ಎಂದು ಕರ್ಪೂರ ಆರಿಸಿದರು. ಕೋಣೆಯೆಲ್ಲ ನಕ್ಕಿತು. ರುದ್ರಸ್ವಾಮಿ ಶಲ್ಯವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿದರು. ಅಕ್ಕಿ ಗಂಜಿಯ ಆವಿಗೆ ಅರಿಶಿನದ ಬಣ್ಣ ಬರುವುದು ಹೇಗೆಂದು ಯೋಚಿಸಿದರೋ ಏನೋ, ಸ್ವಲ್ಪ ಹೊತ್ತು ಗೋಡೆಯನ್ನೇ ನೋಡಿದರು. ಆಮೇಲೆ ತಾವೂ ನಕ್ಕುಬಿಟ್ಟರು. ಅದೇ ಅವರ ದೊಡ್ಡ ಗುಣ.

"ಆಯ್ತು ಪುಟ್ಟತಾಯಮ್ಮೋರೆ. ಮದುವೆ ಒಂದು ಮುಗೀಲಿ. ಬಚ್ಚಲು ಒಡಿಸ್ತೀನಿ. ಗೋಡೆ ನಂದು."

"ಸುಣ್ಣ ನಂದು," ಅಂದರು ಪುಟ್ಟತಾಯಮ್ಮ.

"ಸುಣ್ಣಾನೂ ನಂದೇ ಬುಡಿ. ಮಗಳ ಅರಿಶಿನ ಅಲ್ವಾ ಬಿದ್ದಿರೋದು."

ಮದುವೆಯ ಊಟಕ್ಕೆ ನಾನು ಬೇಕೆಂದೇ ಪಂಕ್ತಿಯ ನಡುವೆ ಕೂತೆ. ನನ್ನ ಬೀರುವಿನ ಮೇಲೆ ತಪಸ್ಸು ಮಾಡಿ ಬಂದ ಹಪ್ಪಳ ಈ ತುದಿಯಿಂದ ಆ ತುದಿಯವರೆಗೆ ಪಟಪಟನೆ ಮುರಿಯಿತು. ಪಕ್ಕದವರು ಏನೋ ಕೇಳಿದರು, ಆ ಸದ್ದಿನಲ್ಲಿ ಒಂದೂ ಕೇಳಿಸಲಿಲ್ಲ. ಮೋಹನ್ ಸಾಂಬಾರಿನ ಬಕೆಟ್ಟು ಹಿಡಿದು ಓಡುವಾಗಲೇ ಪುಟ್ಟತಾಯಮ್ಮನ ಕಡೆ ನೋಡಿ, ಮುಂದಿನ ಮುಹೂರ್ತಕ್ಕೆ ಎಂಬಂತೆ ಗಾಳಿಯಲ್ಲಿ ಹಪ್ಪಳದ ಆಕಾರ ಬರೆದು ತೋರಿಸಿದ.

ಬೀಗರೂಟದ ಮಾರನೆಯ ದಿನ ಗಾರೆಯವರು ಬಂದು ಬಚ್ಚಲು ಅಗೆದರು. ಟೈಲ್ಸಿನಡಿ ಕೊಳವೆಯ ಸೇರುವೆ ಬಾಯಿ ಬಿಟ್ಟಿತ್ತು. ಕೆಲಸ ಮುಗಿಯುವವರೆಗೆ ರುದ್ರಸ್ವಾಮಿಯ ಮನೆಯವರೆಲ್ಲಾ ಬಿಂದಿಗೆ ಬಕೆಟ್ಟು ಹೊತ್ತು ಕೆಳಗಿಳಿದು, ಪುಟ್ಟತಾಯಮ್ಮನ ಬಚ್ಚಲಲ್ಲೇ ಸ್ನಾನ ಮಾಡಿದರು. ಅದಕ್ಕೂ ಪುಟ್ಟತಾಯಮ್ಮನ ತಕರಾರಿಲ್ಲ, ನೀರನ್ನೂ ತಾವೇ ಕಾಯಿಸಿ ಕೊಟ್ಟರು. ಗೋಡೆ ಒಣಗಲು ಒಂದು ಬೇಸಿಗೆ ಹಿಡಿಯಿತು. ಈಗ ಆ ಕೋಣೆಯಲ್ಲಿ ಡಬ್ಬಗಳು ಸಾಲಾಗಿ ಕೂತಿವೆ. ನನ್ನ ಸೀರೆಗಳ ಇಂಗು ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ.

ಮೊನ್ನೆ ತಾರಸಿಯಲ್ಲಿ ಪುಟ್ಟತಾಯಮ್ಮನ ಜೊತೆ ಸಂಡಿಗೆ ಮಗುಚುತ್ತಾ ಕೂತಿದ್ದಾಗ, ಬಹಳ ದಿನದಿಂದ ನನ್ನೊಳಗೆ ಇದ್ದದ್ದನ್ನು ಕೇಳಿದೆ. ಮನೆ ರುದ್ರಸ್ವಾಮಿಯವರದು. ಬಿಟ್ಟು ಹೋಗಿ ಅಂದಿದ್ದರೆ ಈ ತಾರಸಿಯೂ ಇಲ್ಲ, ಕಸುಬೂ ಇಲ್ಲ. ಬೀದಿಯ ಜನವೆಲ್ಲ ಕೈಮುಗಿದು ನಿಂತಿದ್ದಾಗ, ನೆಂಟರ ಎದುರಿಗೆ, ಮಾಲೀಕರ ಮುಖಕ್ಕೆ ಸತ್ಯ ಹೇಳುವುದು ಸಣ್ಣ ಮಾತಲ್ಲ.

"ಅಷ್ಟು ಧೈರ್ಯ ಎಲ್ಲಿಂದ ಬಂತು ಪುಟ್ಟತಾಯಮ್ಮ, ನಿಮಗೆ?"

ಪುಟ್ಟತಾಯಮ್ಮ ಒಂದು ಸಂಡಿಗೆಯನ್ನು ಬಿಸಿಲಿಗೆ ಎತ್ತಿ ಹಿಡಿದು ಒಣಗಿದೆಯೇ ಎಂದು ನೋಡಿ, ಪಕ್ಕಕ್ಕಿಟ್ಟರು.

"ಧೈರ್ಯ ಏನು ಬಂತು ಕಣಮ್ಮ. ಗೋಡೆ ನೋಡಕ್ಕೆ ಬಂದೋರಿಗೆಲ್ಲ ಕಾಫಿ ಕೊಡ್ಬೇಕಲ್ಲ. ಹಾಲು ಮುಗ್ದೋಗಿತ್ತು."