ಆರಿಯಾ ಅಂದರೆ ಇಳಿಸು

ಶಾಲೆಯ ವಾರ್ಷಿಕೋತ್ಸವದಲ್ಲಿ ನನ್ನ ಮೊಮ್ಮಗಳು ಮೈಕಿನ ಮುಂದೆ ನಿಂತು ನನ್ನ ಕಸುಬಿನ ಮಾತನ್ನು ಓದಿದಳು. ಒಂದಕ್ಷರ ಬಿಡಲಿಲ್ಲ. ಹಲಸೂರಿನ ಆ ಶಾಲೆಯ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ ನಾನು ಎದ್ದು ನಿಂತೇಬಿಟ್ಟೆ. ಹಿಂದಿನಿಂದ ಯಾರೋ, "ಕೂತ್ಕೊಳ್ಳಿ ತಾತ, ಸ್ಟೇಜು ಕಾಣ್ಸಲ್ಲ" ಅಂದರು. ಕೂರಲಿಲ್ಲ.

ಇಷ್ಟು ಸಂತೋಷದ ದಿನವನ್ನು ಬರೆಯಲು ಕೂತರೂ ಪೆನ್ನು ಸಿಟ್ಟಿನ ಕಡೆಗೇ ಓಡುತ್ತದೆ. ಮೂರನೇ ಕ್ಲಾಸಿಗೆ ಓದು ಬಿಟ್ಟ ಕೈ, ಅದೂ ಎರಡು ಬೆರಳು ಕಮ್ಮಿ ಇರುವ ಕೈ, ಹೇಳಿದ ಮಾತು ಕೇಳುವುದಿಲ್ಲ.

ಮೊಮ್ಮಗಳು ಆಗ ಏಳನೇ ಕ್ಲಾಸು. ಮನೆಯ ಹಿರಿಯರ ಕಸುಬಿನ ಒಂದು ಪದದ ಬಗ್ಗೆ ಬರೆದು ತನ್ನಿ, ಚೆನ್ನಾಗಿ ಬರೆದವರಿಂದ ವಾರ್ಷಿಕೋತ್ಸವದಲ್ಲಿ ಓದಿಸುತ್ತೇನೆ ಎಂದು ಕನ್ನಡದ ಮೇಷ್ಟ್ರು ಹೇಳಿದ್ದರು. ನಾನು ಖಲಾಸಿ. ಕ್ರೇನಿನ ಕೆಳಗೆ ನಿಂತು ಭಾರ ಎತ್ತಿಸುವುದು, ಇಳಿಸುವುದು ನನ್ನ ಕೆಲಸ. ನಮ್ಮಲ್ಲಿ ಎತ್ತು ಅನ್ನಲು ಹಬೇಸ್, ಇಳಿಸು ಅನ್ನಲು ಆರಿಯಾ. ಅವಳು ಆರಿಯಾ ಹಿಡಿದುಕೊಂಡಳು. ಇದು ಹಡಗಿನ ಮಾತು, ಹಾಯಿ ಇಳಿಸುವಾಗ ಕೂಗುತ್ತಿದ್ದರು ಎಂದು ಬರೆದಳು. ನಾನು ಹೇಳಿಕೊಟ್ಟದ್ದು. ನನಗೆ ಹೇಳಿಕೊಟ್ಟವರು ನಮ್ಮ ಹಳೇ ಮೇಸ್ತ್ರಿ; ಕರಾವಳಿಯವರು, ಹಡಗಿನ ಕೆಲಸ ಬಿಟ್ಟು ಬೆಂಗಳೂರಿಗೆ ಬಂದವರು.

ನೋಟ್‌ಬುಕ್ ವಾಪಸ್ ಬಂದಾಗ ಪುಟದ ಮೇಲಿಂದ ಕೆಳಗಿನವರೆಗೆ ಕೆಂಪು ಗೀಟು. ಅಂಚಿನಲ್ಲಿ, "ಆರ್ಯ ಎಂದರೆ ಶ್ರೇಷ್ಠ. ಇಳಿಸು ಎಂಬ ಅರ್ಥವಿಲ್ಲ. ತಪ್ಪು." ಓದುವವರ ಪಟ್ಟಿಯಲ್ಲಿ ಅವಳ ಹೆಸರಿಲ್ಲ.

"ತಾತ, ಅದು ನಿಜವಾಗ್ಲೂ ಪದಾನಾ? ಇಲ್ಲ ನೀನೇ ಕಟ್ಟಿದ್ದಾ?"

ಗೀಟಿಗಿಂತ ಈ ಮಾತು ನನ್ನನ್ನು ಸುಟ್ಟಿತು. ಮಾರನೆಯ ಬೆಳಿಗ್ಗೆಯೇ ಶಾಲೆಗೆ ಹೋದೆ. ಮೇಷ್ಟ್ರು ಕುರ್ಚಿ ತೋರಿಸಲಿಲ್ಲ.

"ಯಜಮಾನ್ರೇ, ಕೂಲಿಯವ್ರು ಕೂಗಿದ್ದೆಲ್ಲ ಭಾಷೆ ಆಗಲ್ಲ. ನಿಘಂಟಲ್ಲಿ ಇದ್ರೆ ತಂದು ತೋರ್ಸಿ, ಓದಿಸ್ತೀನಿ."

"ನಿಘಂಟು ಯಾವತ್ತಾದ್ರೂ ಕ್ರೇನ್ ಕೆಳ್ಗೆ ನಿಂತಿದ್ಯಾ ಸಾರ್?"

ನಕ್ಕರು. ಆ ನಗು ನನಗೆ ಹೊಸದಲ್ಲ. ತೊಂಬತ್ತರ ದಶಕದಲ್ಲಿ ಕೆ.ಆರ್. ಪುರದ ಒಂದು ಯಾರ್ಡಿಗೆ ಹೊಸ ಸೂಪರ್‌ವೈಸರ್ ಬಂದಿದ್ದ. "ಏನ್ರೀ ಅದು ಆರಿಯಾ ಗೀರಿಯಾ? ನೀಟಾಗಿ ಡೌನ್ ಅನ್ನಿ" ಎಂದು ಅವನೂ ಹೀಗೇ ನಕ್ಕಿದ್ದ. ಅಂದೆವು. ಆ ಗದ್ದಲದಲ್ಲಿ ಮೇಲೆ ಕೂತ ಕ್ರೇನ್ ಡ್ರೈವರಿಗೆ ಡೌನ್ ಅಂದದ್ದು ಟರ್ನ್ ಎಂದು ಕೇಳಿಸಿತು. ಇಳಿಯಬೇಕಾದ ಕಬ್ಬಿಣದ ತೊಲೆ ತಿರುಗಿತು. ಗೋಡೆಗೂ ತೊಲೆಗೂ ನಡುವೆ ನನ್ನ ಬಲಗೈಯ ಎರಡು ಬೆರಳು ಹೋದವು. ಆರಿಯಾ ಅಂಥ ಮೋಸದ ಮಾತಲ್ಲ. ಅದಕ್ಕೆ ಬಾಲ ಇದೆ. ಎಳೆದು ಕೂಗಿದರೆ ನಿಧಾನ ಇಳಿಸು. ಕೂಗು ನಿಂತರೆ ನಿಲ್ಲಿಸು. ಸಮುದ್ರದ ಗಾಳಿಯಲ್ಲೂ ಕೇಳಲಿ ಎಂದು ಮಾಡಿದ ಮಾತು. ಸೂಪರ್‌ವೈಸರ್ ಆಸ್ಪತ್ರೆಗೆ ಬಂದು, "ನೀವು ಸರಿಯಾಗಿ ಉಚ್ಚಾರ ಮಾಡ್ಲಿಲ್ಲ" ಅಂದ. ಅವನು ತಂದ ಸೇಬನ್ನು ನಾನು ಮುಟ್ಟಲಿಲ್ಲ.

ಈಗ ಸಾಕ್ಷಿ ಎಲ್ಲಿಂದ ತರಲಿ? ಮೇಸ್ತ್ರಿ ತೀರಿಹೋಗಿದ್ದರು. ಆಗ ಬೆನ್ಸನ್ ಟೌನಿನ ಒಂದು ಹಳೇ ಮನೆ ನೆನಪಾಯಿತು. ಗೋವಾದ ವಯಸ್ಸಾದ ಹೆಂಗಸೊಬ್ಬರು ಅಲ್ಲಿದ್ದರು. ವರ್ಷಗಳ ಹಿಂದೆ ಅವರ ಚಾವಣಿಯ ಮೇಲಿನ ತೊಟ್ಟಿಯನ್ನು ಹಗ್ಗ ಕಟ್ಟಿ ಇಳಿಸಿಕೊಟ್ಟಿದ್ದೆ. ನಾನು ಆರಿಯಾ ಎಂದು ಕೂಗಿದಾಗ ಅವರು ಬಾಗಿಲಲ್ಲಿ ನಿಂತು ನಕ್ಕಿದ್ದರು. ಅವತ್ತೂ ನನಗೆ ಉರಿದಿತ್ತು. ಆದರೂ ಹೋಗಿ ನೇರ ಕೇಳಿದೆ, ಅವತ್ತು ಯಾಕಮ್ಮ ನಕ್ಕಿದ್ದು ಅಂತ.

"ಆಡ್ಕೊಂಡು ನಗ್ಲಿಲ್ಲಪ್ಪ, ಗುರ್ತು ಸಿಕ್ತು ಅಂತ ನಕ್ಕೆ. ನಮ್ಮ ಡ್ಯಾಡಿ ದೋಣಿಯಲ್ಲಿ ಹಾಯಿ ಇಳಿಸೋವಾಗ ಅದೇ ಥರ ಕೂಗ್ತಿದ್ರು. ಪೋರ್ಚುಗೀಸ್ ಮಾತದು, ಅರಿಯಾರ್. ಹಾಯಿ, ಬಾವುಟ ಇಳಿಸೋದಕ್ಕೆ ಹೇಳೋದು. ಹಡಗಲ್ಲಿ ನಮ್ಮವ್ರೆಲ್ಲ ಕೂಗಿ ಕೂಗಿ ಆರಿಯಾ ಆಗಿದೆ."

ವಿಷಯ ಕೇಳಿದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಕಂದು ಕಾಗದದ ಬೈಂಡು ಹಾಕಿದ ಹಳೇ ಪೋರ್ಚುಗೀಸ್-ಇಂಗ್ಲಿಷ್ ನಿಘಂಟು ಹಿಡಿದು ನನ್ನ ಜೊತೆ ಆಟೋ ಹತ್ತಿದರು. ಶಾಲೆಯಲ್ಲಿ ಮೇಷ್ಟ್ರ ಮುಂದೆ ಪುಟ ಬಿಡಿಸಿಟ್ಟು, "ಓದಿ ಮಾಸ್ಟರ್" ಅಂದರು. ಇಂಗ್ಲಿಷಿನಂಥದೇ ಅಕ್ಷರ. ಮೇಷ್ಟ್ರು ಒಂದೊಂದಾಗಿ ಕೂಡಿಸಿ ಓದಿದರು. ಪುಸ್ತಕ ಮುಚ್ಚಿ ಅಂದರು:

"ಆದ್ರೂ ಇದು ಕನ್ನಡ ಅಲ್ವಲ್ಲ ಮೇಡಂ."

"ನಿಮ್ಮ ಹಿಂದಿರೋ ಆ ಅಲ್ಮೇರಾ, ಕೈಲಿರೋ ಅದರ ಚಾವಿ, ಎರಡು ಮಾತೂ ಅದೇ ಪೋರ್ಚುಗೀಸ್ ಹಡಗಲ್ಲಿ ಬಂದಿದ್ದು. ವಾಪಸ್ ಕೊಡ್ತೀರಾ?"

ಮೇಷ್ಟ್ರು ಚಾವಿ ಜೇಬಿಗೆ ಹಾಕಿಕೊಂಡರು. ಪಟ್ಟಿ ತೆಗೆದು ನನ್ನ ಮೊಮ್ಮಗಳ ಹೆಸರನ್ನು ಕೊನೆಯಲ್ಲಿ ಬರೆದರು. ತಪ್ಪಾಯಿತು ಅನ್ನಲಿಲ್ಲ. ನನ್ನ ಬೆರಳು ತೆಗೆದವನೂ ಅಂದಿರಲಿಲ್ಲ. ಓದಿದವರಿಗೆ ಆ ಒಂದು ಮಾತು ಯಾವ ಭಾಷೆಯಲ್ಲೂ ಬರುವುದಿಲ್ಲವೇನೋ.

ವಾರ್ಷಿಕೋತ್ಸವದ ಸಂಜೆ ಮನೆಯಲ್ಲಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ನಾನು, ನನ್ನ ಹೆಂಡತಿ, ಮಗ, ಮೊಮ್ಮಗಳು ನೆಲದ ಮೇಲೆ ಸಾಲಾಗಿ ಕೂತಿದ್ದೆವು. ಸೊಸೆ ಸಾರಿನ ಪಾತ್ರೆ ಹಿಡಿದು ಬಂದಳು. ಮೊಮ್ಮಗಳು ನನ್ನ ಹಾಗೆಯೇ ಅಂಗೈ ಕೆಳಗೆ ಮಾಡಿ ಕೂಗಿದಳು.

"ಆರಿಯಾಆಆ..."

ಕೂಗು ನಿಲ್ಲಿಸಿದಳು. ಪಾತ್ರೆ ಗಾಳಿಯಲ್ಲೇ ನಿಂತಿತು.

"ಕೈ ಸುಡ್ತಿದೆ ಕಣೇ, ಇನ್ನೊಂಚೂರು ಕೂಗು" ಅಂದಳು ಸೊಸೆ.

"ಹಂಗೇ ನಿಮ್ ತಾತನ ಸಿಟ್ಟಿಗೂ ಒಂದ್ಸಲ ಕೂಗ್ಬಿಡು" ಅಂದಳು ನನ್ನ ಹೆಂಡತಿ.

"ಅದು ಇಳಿಯಲ್ಲ, ಸಾರು ಇಳ್ಸಿ" ಅಂದೆ. ಮೊಮ್ಮಗಳು ಮತ್ತೆ ಕೂಗಿದಳು, ಪಾತ್ರೆ ನೆಲ ಮುಟ್ಟಿತು. ಸೊಸೆಯೂ ಬಂದು ಪಕ್ಕದಲ್ಲಿ ಕೂತಳು. ಮೂರು ಬೆರಳಿನ ಕೈಯಲ್ಲಿ ಮುದ್ದೆ ಮುರಿದು, ಎಲ್ಲರ ಜೊತೆ ಉಂಡೆ.